ಧೂಳಿನ ಊರಿನ ಕೌದಿ

ಒಂದೂರು. ಅಲ್ಲೊಬ್ಬ ಸಾಹುಕಾರ. ಊರ ಪಕ್ಕದ ಗುಡ್ಡ ಒಡೆದು ಜಲ್ಲಿ ಮಾಡುವ ಯಂತ್ರ ಅವನದು. ಅದು ಎಬ್ಬಿಸುವ ಧೂಳಿಗೆ ಹೆದರಿ ಜನ ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿ ಒಳಗೆ ಕುಳಿತರು. ಎದುರು ಮನೆಯವರ ಮುಖ ಕಂಡು ತಿಂಗಳುಗಳೇ ಆದವು. ನೋಡಿ, ಮೊದಲು ಗಾಳಿ ಹೋಯಿತು, ಅದರ ಹಿಂದೆಯೇ ನೆರೆಹೊರೆಯೂ ಹೋಯಿತು.

ಸಾಹುಕಾರನಿಗೆ ಮೊಮ್ಮಗಳು ಹುಟ್ಟಿದಳು. ಕೂಸಿಗೆ ಬಿಡದ ಕೆಮ್ಮು, ನಿದ್ದೆಯಿಲ್ಲ. ಬೆಚ್ಚಗೆ ಹೊದಿಸಲು ಒಂದು ಕೌದಿಯಾಗಲಿ ಎಂದು ಅವನು ಪೇಟೆಯ ರೇಷ್ಮೆ ತಂದು ಕೌದಿ ಹೊಲಿಯುವ ಮುದುಕಿಯ ಮುಂದೆ ಸುರಿದ.

ಮುದುಕಿ ನಕ್ಕಳು. "ಯಪ್ಪಾ, ಇದು ಕೌದಿಗೋ, ನಿನ್ನ ಮದಿವಿ ರುಮಾಲಿಗೋ? ಕೂಸಿನ ಕೌದಿಗೆ ಓಣ್ಯಾಗ ಬೇಡಿ ತರಬೇಕು. ಮನಿಗೊಂದು ತುಂಡು. ಉಟ್ಟು ಮೆತ್ತಗಾದದ್ದು."

"ನಾ ಬೇಡಬೇಕೇನು?"

"ಕೂಸು ನಂದಲ್ಲಲ್ಲ!"

ಬೇಡಿದ. ಏನು ಮಾಡಿಯಾನು? ಯಾವ ಬಾಗಿಲಿಗೆ ಹೋದರೂ ಗೋಣಿ ಸರಿಯುವ ಮೊದಲೇ ಒಳಗಿನ ಕೆಮ್ಮು ಕೇಳಿತು. ತನ್ನ ಕೂಸಿನಂಥದೇ ಕೆಮ್ಮು. ಆದರೂ ಯಾರೂ ಇಲ್ಲವೆನ್ನಲಿಲ್ಲ. ಒಬ್ಬಾಕೆ ಮಾತ್ರ ಸೆರಗು ಹರಿದು ಕೊಡುತ್ತ, "ತಗೋ ಸಾವಕಾರ, ಕೊಡಾಕ ಇದೊಂದನ್ನಾರ ಉಳಿಸೀಯಲ್ಲ" ಎಂದಳು.

ಕೌದಿ ಮುಗಿಯಿತು. ಕೆಂಪಿಲ್ಲ, ಹಸಿರಿಲ್ಲ, ಎಲ್ಲಾ ಬೂದಿ ಬಣ್ಣ.

"ತೊಳಿಯಾಕ ಏನಾಗಿತ್ತಬೇ?" ಎಂದ ಸಾಹುಕಾರ.

"ತೊಳದೆ, ಮತ್ತ ತೊಳದೆ. ಒಣಾಕ ಹೊರಗ ಹಾಕೂದು ಬ್ಯಾಡೇನು? ಒಳಗ ಹಾಕಿದ್ರ ಹಸಿ ಆರಂಗಿಲ್ಲ. ಹಸಿ ಕೌದಿ ಕೂಸಿನ ಎದಿಗೆ ಹೊಚ್ಚತೀಯಾ?"

ಸಾಹುಕಾರ ಕೌದಿ ಕೊಡವಿದ. ತಾನು ಒಡೆದ ಗುಡ್ಡವೇ ಮುಖಕ್ಕೆ ಹಾರಿತು. ಮತ್ತೆ ತೊಳೆದು ಹಾಕಿ, ಈ ಒಂದು ಕೌದಿ ಒಣಗುವ ತನಕ ಯಂತ್ರ ನಿಲ್ಲಲಿ ಎಂದ.

ಗಾಳಿ ತಿಳಿಯಾಯಿತು. ಜನ ಒಬ್ಬೊಬ್ಬರಾಗಿ ಹೊರಬಂದು, ಹಗ್ಗದ ಮೇಲಿನ ಕೌದಿಯಲ್ಲಿ ತಮ್ಮ ತಮ್ಮ ತುಂಡು ಹುಡುಕಿದರು. "ನಮ್ಮವ್ವನ ಸೀರಿ ನೋಡ್ರೇ, ಇಲ್ಲೈತಿ!" ಹೆಂಗಸರು ಅಲ್ಲೇ ಕುಳಿತು ಇನ್ನೊಂದು ಕೌದಿಗೆ ಸೂಜಿ ಪೋಣಿಸಿದರು. ಕೂಸು ಕೆಮ್ಮದೆ ಮಲಗಿತು.

ಆಳು ಬಂದು ಕೇಳಿದ: "ಕೌದಿ ಒಣಗಿತ್ರಿ. ಮಷೀನು ಚಾಲೂ ಮಾಡ್ಲ್ಯಾ?"

ಸೂಜಿಗಳೆಲ್ಲ ನಿಂತವು. ಸಾಹುಕಾರ ಮಲಗಿದ ಕೂಸನ್ನು ನೋಡಿದ. "ಬ್ಯಾಡ" ಎಂದ.

ಇಂಥ ಕೆಟ್ಟ ಕಾಲದಲ್ಲಿ ಹೊಲಿಗೆ ಯಾಕೆ, ಹಾಡು ಯಾಕೆ, ರಂಗೋಲಿ ಯಾಕೆ ಎಂದು ನೀವು ಕೇಳುತ್ತೀರಿ. ಯಾಕೆ ಕೇಳುತ್ತೀರಿ? ಮುಚ್ಚಿದ ಬಾಗಿಲುಗಳನ್ನು ತೆರೆಸಿದ್ದು ಯಾವುದು? ಕಣ್ಣೆದುರಿನ ಧೂಳನ್ನು ಅವನಿಗೆ ತೋರಿಸಿದ್ದು ಯಾವುದು? ಹೊಲಿಗೆಯೇ ಅಲ್ಲವೇ?

ಅದಕ್ಕೇ ಹೇಳುತ್ತೇನೆ. ನಾಳೆಯಿಂದ ಕೈಗೆ ಬಂದದ್ದನ್ನು ಮಾಡಿ, ಆದರೆ ಒಬ್ಬರೇ ಮಾಡಬೇಡಿ. ಹೊಲಿಯುವವಳು ಪಕ್ಕದ ಮನೆಯಲ್ಲಿ ಒಂದು ತುಂಡು ಬೇಡಲಿ. ಹಾಡುವವನು ಕಟ್ಟೆಗೆ ಬಂದು ಹಾಡಲಿ. ಕಸ ಸುಡುವವರೇ, ಕಲ್ಲು ಒಡೆಯುವವರೇ, ಕೆರೆಗೆ ಹೊಲಸು ಬಿಡುವವರೇ, ನಿಮ್ಮ ಕೆಲಸದ ಹತ್ತಿರವೇ ಒಂದು ತೊಳೆದ ಬಟ್ಟೆ ಒಣಹಾಕಿ. ಸಂಜೆ ಅದನ್ನು ನಿಮ್ಮ ಕೂಸಿಗೆ ಹೊದಿಸಬಲ್ಲಿರಾ? ಕೈ ಹಿಂಜರಿದರೆ, ಬಟ್ಟೆಯನ್ನು ತೆಗೆಯಬೇಡಿ. ಕೆಲಸವನ್ನು ನಿಲ್ಲಿಸಿ.