ಎಲ್ಕ್ ಕೆತ್ತಿಸಿದ ರೈಫಲ್

...ಅದನ್ನ ಬಿಡು ಲೊರೆಟ್ಟಾ, ಅದು ಅಷ್ಟೇನೂ ಹಳೇದಲ್ಲ. ಇದನ್ನ ನೋಡು. ನೂರಾ ಮೂವತ್ತು ವರ್ಷದ್ದು. ಕೆಳಗೆ ಈ ಲಿವರ್ ಇದೆಯಲ್ಲ, ಒಂದ್ಸಲ ಎಳೆದು ವಾಪಸ್ ತಳ್ಳಿದ್ರೆ ಮುಂದಿನ ಗುಂಡು ರೆಡಿ. ಸದ್ದು ಕೇಳು... ತುಕ್ಕು ತಿಂದು ಸತ್ತೇಹೋಗಿತ್ತು. ನಾನು ಜೀವ ಕೊಡಿಸಿದೆ.

ಯಾಕೆ ಹಾಗೆ ನೋಡ್ತೀಯಾ? ನಿನ್ನೆ ತಮ್ಮನ್ನ ಮಣ್ಣು ಮಾಡಿ ಬಂದೋನು ಇವತ್ತು ಬಂದೂಕು ತೋರಿಸ್ತಾನೆ ಅಂತಾನಾ? ಕೇಳಿದ್ದು ನೀನೇ ತಾನೆ. ನಲವತ್ತು ವರ್ಷ ನನ್ನ ತಮ್ಮನೂ ಈ ಹೊಸ್ತಿಲು ತುಳೀಲಿಲ್ಲ, ಅವನ ಹೆಂಡ್ತಿ ನೀನೂ ತುಳೀಲಿಲ್ಲ. ಈಗ ಬಂದು, ‘ವರ್ಜಿಲ್, ನಿನ್ನ ರೈಫಲ್ ತೋರಿಸು’...

ಅದಾ? ಹದಿನಾಲ್ಕು ಇವೆ ಗೋಡೆ ಮೇಲೆ, ನಿನಗೆ ಅದೇ ಬೇಕಾಯ್ತಾ. ಇರ್ಲಿ, ತಗೋ. ಖಾಲಿ ಇದೆ. ಕೆತ್ತನೆ ನೋಡು... ಈ ಪಕ್ಕ ಎಲ್ಕ್, ನಮ್ಮ ಬೆಟ್ಟದ ದೊಡ್ಡ ಜಿಂಕೆ, ಕೊಂಬಿನ ಕವಲು ಎಣಿಸಬಹುದು. ಆ ಪಕ್ಕ ತೋಳಗಳು. ಬಿಲಿಂಗ್ಸ್‌ನ ಬಂದೂಕು ಸಂತೇಲಿ ಸಿಕ್ತು, ಎಂಬತ್ತೊಂಬತ್ತರಲ್ಲಿ. ಯಾರೋ ಮುದುಕ... ಹೆಸರು ಯಾರಿಗೆ ನೆನಪಿರುತ್ತೆ.

ಹೂಂ, ಅಪ್ಪನದ್ದೂ ಇದೇ ಥರದ್ದೇ. ಆಗ ಮೊಂಟಾನಾದಲ್ಲಿ ಮನೆಗೊಂದು ಇರ್ತಿತ್ತು. ಅಪ್ಪನ ರೈಫಲ್ ಏನಾಯ್ತು ಅಂತ ನಿನ್ನ ಎವರೆಟ್‌ನ ಕೇಳ್ಬೇಕಿತ್ತು. ಕುಡಿಯೋಕೆ ಮಾರಿಕೊಂಡ. ಟ್ರಕ್ಕಿಗೆ ಹಾಕ್ಕೊಂಡು ಹೋಗಿದ್ದನ್ನ ನಾನು ಕಣ್ಣಾರೆ ಕಂಡೆ, ಅಪ್ಪನಿಗೆ ಹೇಳಿದೆ. ಅಪ್ಪ ಅವನನ್ನ ಆಚೆ ಹಾಕಿದ. ಜಮೀನು, ದನ ಎಲ್ಲ ನನಗೇ ಬಂತು. ಕೊಡು ಅಂತ ನಾನು ಕೇಳಿದ್ನಾ?

ನಗ್ತೀಯಾ. ನಗೋ ಮಾತಾ ಇದು?

ಬ್ಯಾಗಿಂದ ಏನದು... ಸ್ಕ್ರೂಡ್ರೈವರ್ ಯಾಕೆ? ಹೆಗಲಿಗೆ ಒತ್ತಿಕೊಳ್ಳೋ ಆ ಕಬ್ಬಿಣದ ತಟ್ಟೆ ಮುಟ್ಟಬೇಡ. ಹಳೇ ಸ್ಕ್ರೂ, ತಲೆ ಸವೆದುಹೋಗುತ್ತೆ. ಬಂದೂಕು ಗೊತ್ತಿರೋರು ಯಾರೂ ಹಾಗೆ... ಎವರೆಟ್ ಹೇಳಿದ್ನಾ? ಅಲ್ಲೇ ಬಿಚ್ಚಿ ನೋಡು ಅಂತ? ಸಾಯೋಕೆ ಮುಂಚೆ ಅದೊಂದು ಹೇಳಿ ಹೋದ್ನಾ?

ಅದು ಅಪ್ಪನ ಪದ್ಧತಿ. ಮಗ ಮೊದಲ ಎಲ್ಕ್ ಹೊಡೆದ ದಿನ ಆ ತಟ್ಟೆ ಬಿಚ್ಚಿ, ಒಳಗಿನ ಮರದ ಮೇಲೆ ಪೆನ್ಸಿಲಲ್ಲಿ ಅವನ ಹೆಸರು ಬರೆಯೋದು. ಸುಮ್ನೆ ಒಂದು ಹುಚ್ಚು. ಇದರಲ್ಲೇನೂ ಇರಲ್ಲ. ಇದನ್ನ ಪೂರ್ತಿ ಉಜ್ಜಿ, ಹೊಸದಾಗಿ ಪಾಲಿಶ್ ಹಾಕ್ಸಿದ್ದೀನಿ. ಹೊರಗೆಲ್ಲ...

ಹೊರಗೆಲ್ಲ ಉಜ್ಜಿಸಿದೆ. ಒಳಗೆ ಮುಟ್ಟಿಸಲಿಲ್ಲ.

ಬಿಚ್ಚಿದೆಯಲ್ಲ. ಓದು ಮತ್ತೆ. ಗಟ್ಟಿಯಾಗಿ ಓದು.

ಓದಲ್ವಾ? ನನ್ನ ಕೈಗೇ ಕೊಡ್ತೀಯಾ ಲೊರೆಟ್ಟಾ? ಬೈಯಿ.

ಬಿಡು, ನಾನೇ ಓದ್ತೀನಿ, ಅದಕ್ಕೆ ಕನ್ನಡಕ ಬೇಡ ನನಗೆ. ‘ಎವರೆಟ್, ಅಕ್ಟೋಬರ್ ಇಪ್ಪತ್ತಾರು, ಹನ್ನೆರಡು ವರ್ಷ.’ ಅದರ ಮೇಲೆ ಅಪ್ಪ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದಾನೆ, ಕಾಣ್ತಾ? ಅದು ನನಗೆ. ದೊಡ್ಡ ಮಗ ಅಲ್ವಾ ನಾನು. ಇವನೂ ಒಂದಿನ ಹೊಡೀತಾನೆ, ಆಮೇಲೆ ಬರೆದರಾಯ್ತು ಅಂದ್ಕೊಂಡಿದ್ದ. ಪ್ರತಿ ವರ್ಷ ಬೆಟ್ಟ ಹತ್ತೋದು, ಎಲ್ಕ್ ಎದುರಿಗೆ ಬಂದಾಗ ನಾನು ಹೊಡೀದೆ ಬಂದೂಕು ಇಳಿಸಿಬಿಡೋದು, ಅಪ್ಪ ಮನೆಗೆ ಕರ್ಕೊಂಡು ಬರೋದು. ಆ ಖಾಲಿ ಜಾಗ ಮನೇಲಿದ್ರೆ ನನಗೆ ಊಟ ಸೇರ್ತಿರಲಿಲ್ಲ. ಟ್ರಕ್ಕಿಗೆ ಹಾಕ್ಕೊಂಡು ಹೋಗಿ ಬಚ್ಚಿಟ್ಟಿದ್ದು ನಾನೇ, ಅಪ್ಪನಿಗೆ ಹೇಳಿದ್ದು ಅವನ ಹೆಸರು.

ಹದಿನಾಲ್ಕು ರೈಫಲ್ ಇಟ್ಕೊಂಡಿದ್ದೀನಿ. ಇರೋದು ಇದೊಂದೇ ಎಲ್ಕ್. ಇದೂ ದುಡ್ಡು ಕೊಟ್ಟು ಕೆತ್ತಿಸಿದ್ದು.