ಹರ್ಲಿಂಗ್‌ಹ್ಯಾಮ್ ಅಂಗಡಿ ಮತ್ತು ನಾನು ಕಲಿತ ಯೊರುಬಾ

ಅಲ್ಲ ನಿಧಿ, ನಮ್ಮ ಬಟ್ಟೆ ಅಂಗಡಿಗೆ ಬೆಂಕಿ ಬೀಳ್ಲಿಲ್ಲ, ಯಾರು ಹೇಳಿದ್ದು ನಿಂಗೆ, ನಿಮ್ಮಪ್ಪನಾ? ಅವನಿಗೆ ನಿಜ ಹೇಳೋಕೆ ನಾಚಿಕೆ, ಅದಕ್ಕೇ ಕತೇಲಿ ಬೆಂಕಿ ಹಚ್ಚಿದಾನೆ. ಇಲ್ಲೇ ನೈರೋಬಿಯ ಹರ್ಲಿಂಗ್‌ಹ್ಯಾಮಲ್ಲಿ ಈಗ ಔಷಧಿ ಅಂಗಡಿ ಇದೆಯಲ್ಲ, ಅದೇ ಜಾಗ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ, ನಿಮ್ಮಪ್ಪ ಆಗಿನ್ನೂ ಹೈಸ್ಕೂಲು. ಊರೆಲ್ಲ ಮಿತುಂಬಾ ಮಿತುಂಬಾ ಅಂತ ಹಳೇ ಬಟ್ಟೆ ಮೂಟೆ ಬಿಚ್ಚಿ ರಸ್ತೇಲಿ ಸುರೀತಿದ್ರು, ಹೊಸ ಬಟ್ಟೆ ಯಾರಿಗೆ ಬೇಕು ಹೇಳು. ಬಾಡಿಗೆ ಏರಿತು, ಜಾಗದ ಯಜಮಾನ ಬಾಡಿಗೆ ಕಟ್ಟಿ ಇಲ್ಲಾ ಬಿಟ್ಟುಬಿಡಿ ಅಂತ ನೋಟಿಸೂ ಕೊಟ್ಟ. ಆಗ ನನ್ನ ಕೈಯಲ್ಲಿ ಉಳಿದಿದ್ದು ಒಂದೇ ಗಿರಾಕಿ, ನೈಜೀರಿಯಾದ ಮಾಮಾ ಫೋಲಾಕೆ, ಮಾಮಾ ಅಂದ್ರೆ ಇಲ್ಲಿ ಅಮ್ಮ. ಅವರಲ್ಲಿ ಒಂದು ಪದ್ಧತಿ ಇದೆ, ಮನೇಲಿ ದೊಡ್ಡ ಸಮಾರಂಭ ಅಂದ್ರೆ ಇಡೀ ಬಳಗ ಒಂದೇ ಥರದ ಬಟ್ಟೆ ಹೊಲಿಸ್ಕೊಂಡು ಉಡಬೇಕು. ಮಾಮಾಳ ಅಕ್ಕನಿಗೆ ಎಪ್ಪತ್ತು ತುಂಬ್ತಿತ್ತು, ಇಲ್ಲೇ ನೈರೋಬೀಲಿ ಹಬ್ಬ. ಅದಕ್ಕೆ ಬೇಕಾದ ಲೇಸ್ ಬಟ್ಟೆ ಆರ್ಡರ್ ಬಂದ್ರೆ ಅಂಗಡಿ ಉಳೀತು, ಬರದಿದ್ರೆ ಶಟರ್ ಎಳೀಬೇಕು, ಅಷ್ಟೇ ಲೆಕ್ಕ.

ನಾನೇನು ಮಾಡ್ದೆ, ಅವರ ಯೊರುಬಾ ಭಾಷೆ ಕಲಿತುಬಿಡೋಣ ಅಂದ್ಕೊಂಡೆ. ಗಿರಾಕಿ ಭಾಷೇಲಿ ಮಾತಾಡಿದ್ರೆ ಗಿರಾಕಿ ಎಲ್ಲಿ ಹೋಗ್ತಾನೆ, ಚಿಕ್ಕಪೇಟೇಲಿ ನಮ್ಮಪ್ಪ ಮಾಡಿದ್ದೂ ಅದನ್ನೇ. ಕಿಲೆಲೆಶ್ವಾದಲ್ಲಿ ನಮ್ಮ ಮೇಲ್ಗಡೆ ಫ್ಲ್ಯಾಟಲ್ಲಿ ಟೋಯಿನ್ ಅಂತ ಒಬ್ಬ ಹುಡುಗಿ ಇದ್ಲು, ರಿವರ್‌ಸೈಡಲ್ಲಿ ಯಾವುದೋ ಆಫೀಸು, ಅವಳೂ ಯೊರುಬಾ ಮಾತಾಡೋಳೇ. ಭಾನುವಾರ ನಿಮ್ಮಜ್ಜಿ ದೋಸೆ ಹುಯ್ಯೋದು, ಅವಳು ತಿಂದು ನಂಗೆ ಪಾಠ ಹೇಳೋದು. ಕಲಿಯೋದು ಅಂದ್ರೆ ನಂಗೆ ಗೊತ್ತಿದ್ದಿದ್ದು ಸ್ಕೂಲಲ್ಲಿ ಇಂಗ್ಲಿಷ್ ಕಲಿತ ರೀತಿ ಒಂದೇ, ಗೊತ್ತಲ್ಲ, ಐ ಗೋ, ಐ ಹ್ಯಾವ್ ಗಾನ್, ಐ ಹ್ಯಾಡ್ ಬೀನ್ ಗೋಯಿಂಗ್, ಮಗ್ಗಿ ಹೇಳ್ದಂಗೆ. ಇದಕ್ಕೆ ಯೊರುಬಾದಲ್ಲಿ ಏನು, ಅದಕ್ಕೆ ಏನು ಅಂತ ಒಂದೊಂದೇ ಕಾಲ ಹಿಡ್ಕೊಂಡು ಕೇಳ್ತಿದ್ದೆ. ಅವಳು ನಗೋಳು, ಅಂಕಲ್, ನಮ್ಮಲ್ಲಿ ಕ್ರಿಯಾಪದ ಅಲ್ಲಾಡೋದೇ ಇಲ್ಲ, ಮುಂದೆ ಒಂದು ಚಿಕ್ಕ ಮಾತು ಇಟ್ರೆ ಸಾಕು ಅನ್ನೋಳು. ಮೊ ಲೊ, ಹೋದೆ. ಮೊ ನ್ ಲೊ, ಹೋಗ್ತಾ ಇದೀನಿ. ಮೊ ತಿ ಲೊ, ಹೋಗಿದೀನಿ. ಮೊ ಮಾ ಲೊ, ಹೋಗ್ತೀನಿ. ಹಾಗಾದ್ರೆ ಹೋಗಿದ್ದೆ ಅನ್ನೋದಕ್ಕೆ? ಅದಕ್ಕೂ ತಿ ಸಾಕು, ಯಾವಾಗ ಅನ್ನೋದು ಕೇಳೋರಿಗೆ ಕತೇಲೇ ಗೊತ್ತಾಗುತ್ತೆ ಅಂದ್ಲು. ನಾನು ಬಿಡ್ಲಿಲ್ಲ, ಬಟ್ಟೆ ಬರುತ್ತೆ, ಬರ್ತಾ ಇದೆ, ಬಂದಿದೆ, ಎಲ್ಲಾ ಬಾಯಿಪಾಠ. ಮಟಾಟು ವ್ಯಾನಲ್ಲಿ ಕೂತು ಗೊಣಗ್ತಿದ್ರೆ ಪಕ್ಕದವರು ಜರುಗಿ ಕೂರೋರು.

ಆ ದಿನ ಬಂತು. ಮಾಮಾ ಬಂದ್ಲು, ಜತೇಲಿ ನೈಜೀರಿಯಾದ ಇಬಾದಾನ್‌ನಿಂದ ಬಂದಿದ್ದ ಆ ಅಕ್ಕ, ಕೋಲೂರಿಕೊಂಡು. ನಾನು ಕೌಂಟರ್ ಹಿಂದೆ ಗಜದ ಕಡ್ಡಿ ಹಿಡ್ಕೊಂಡು ನಿಂತಿದ್ದೆ. ಯಾವಾಗಲೂ ಹಲೋ ಮಾಮಾ ಅಂತಿದ್ದವನು ಅವತ್ತು ಅವರಿನ್ನೂ ಬಾಗಿಲಲ್ಲಿರೋವಾಗ್ಲೇ ಶುರು ಮಾಡ್ದೆ, ಅಶೊ ತಿ ದೆ, ಬಟ್ಟೆ ಬಂದಿದೆ ಅಂತ. ಒಂದಕ್ಷರ ತಪ್ಪಿಲ್ಲ. ಮುದುಕಿ ನಿಂತುಬಿಟ್ಲು. ನನ್ನ ಮುಖ ನೋಡಿದ್ಲು, ತಂಗಿ ಕಿವೀಲಿ ಏನೋ ಅಂದ್ಲು. ಮಾಮಾ ಇಂಗ್ಲಿಷಲ್ಲಿ ನಂಗೆ ಹೇಳಿದ್ಲು.

"ನಿನಗೆ ಮಾತು ಕಲಿಸಿದೋರು ನಮಸ್ಕಾರ ಕಲಿಸಲಿಲ್ವಾ ಅಂತ ಕೇಳ್ತಿದಾಳೆ ನಮ್ಮಕ್ಕ."

ಅವರಲ್ಲಿ ಹಿರಿಯರು ಬಂದ್ರೆ ಗಂಡಸು ನೆಲಕ್ಕೆ ಬಗ್ಗಬೇಕಂತೆ, ಪ್ರಯಾಣ ಹೇಗಾಯ್ತು, ಮಂಡಿನೋವು ಹೇಗಿದೆ, ಮನೇಲೆಲ್ಲ ಹೇಗಿದಾರೆ, ಇಷ್ಟೂ ಆದ್ಮೇಲೇ ವ್ಯಾಪಾರ. ಇಂಗ್ಲಿಷಲ್ಲಿ ಮಾತಾಡೋವರೆಗೂ ನಾನು ಪರದೇಶದ ಅಂಗಡಿಯವನು, ಏನಂದ್ರೂ ನಡೀತಿತ್ತು. ಅವರ ಭಾಷೇಲಿ ಬಾಯಿ ಬಿಟ್ಟೆ ನೋಡು, ಅವರ ಮನೆಯ ಕೆಟ್ಟ ಹುಡುಗ ಆಗ್ಬಿಟ್ಟೆ. ಆಮೇಲೆ ಸಾರಿ ಅಂದೆ, ಅವರ ಭಾಷೇಲೂ ಪೆಲೆ ಮಾಮಾ ಅಂದೆ, ಟೀ ತರಿಸ್ತೀನಿ ಅಂದೆ, ಯಾರು ಕೇಳ್ತಾರೆ. ರಸ್ತೆ ದಾಟಿ ಎದುರಂಗಡಿಗೆ ಹೋದ್ರು. ಅಲ್ಲೊಬ್ಬ ಗುಜರಾತಿ ಮುದುಕ, ಯೊರುಬಾ ಅನ್ನೋ ಹೆಸರೂ ಕೇಳಿರಲಿಲ್ಲ. ಎದ್ದು ನಿಂತ, ಸ್ವಾಹಿಲೀಲೇ ಕರೀಬು ಮಾಮಾ, ಬನ್ನಿ ಅಂದ, ಕುರ್ಚಿ ಎಳೆದು ಆ ಅಕ್ಕನ್ನ ಕೂರಿಸಿ ಕಾಲಿಗೊಂದು ಸ್ಟೂಲ್ ಇಟ್ಟ. ನಮ್ಮಂಗಡಿ ಗಾಜಿನ ಹಿಂದೆ ನಿಂತು ಎಲ್ಲಾ ನೋಡ್ದೆ. ಆರ್ಡರ್ ಅವನಿಗೇ ಹೋಯ್ತು.

ಟೋಯಿನ್‌ನ ಹಿಡ್ಕೊಂಡು ಕೇಳ್ದೆ, ಇಷ್ಟು ದಿನ ದೋಸೆ ತಿಂದೆಯಲ್ಲ, ಇದೊಂದು ಹೇಳೋಕೆ ಆಗ್ಲಿಲ್ವಾ ಅಂತ.

"ನೀವು ಕಾಲ ಮಾತ್ರ ಕೇಳಿದ್ರಿ ಅಂಕಲ್. ನಮಸ್ಕಾರ ಮಾಡೋದನ್ನ ನಿಮ್ಮ ಮನೇಲೇ ಕಲಿಸಿರ್ತಾರೆ ಅಂದ್ಕೊಂಡೆ."

ಇವತ್ತಿಗೂ ಆ ಮಾತು ಮರೆತಿಲ್ಲ. ಯಾಕೆ ಅಂದ್ರೆ ನಮ್ಮನೇಲೂ ಕಲಿಸಿದ್ರು. ನಮ್ಮಲ್ಲೂ ಬಂದೋರಿಗೆ ಮೊದಲು ನೀರು, ಊಟ ಆಯ್ತಾ, ಆಮೇಲೆ ತಾನೇ ವಿಷಯ. ಕೊನೇಗೆ ಅಂಗಡಿ ಶಟರ್ ಎಳೆದೆ. ಆ ಗುಜರಾತಿ ಮುದುಕನಿಗೆ ಅಷ್ಟು ದೊಡ್ಡ ಆರ್ಡರಿಗೆ ಕೈ ಸಾಲದೆ ಹೋಯ್ತು, ಕೆಲಸಕ್ಕೆ ಬರ್ತೀಯಾ ಅಂತ ನನ್ನನ್ನೇ ಕೇಳ್ದ. ಹೋದೆ. ನಿಮ್ಮಪ್ಪನ ಸ್ಕೂಲ್ ಫೀಸ್ ಇತ್ತಲ್ಲ. ಆ ಲೇಸನ್ನ ಅಳೆದು ಕತ್ತರಿಸಿ ಮಡಿಸಿದ್ದು ಇದೇ ಕೈ.

ಈಗ ನಿಮ್ಮಜ್ಜಿ ಎರಡು ಚೀಲ ಹೊತ್ಕೊಂಡು ಮೆಟ್ಟಿಲು ಹತ್ತಿ ಬಂದ್ಲು, ನೀನೇನಂದೆ? ವೇರ್ ಈಸ್ ಮೈ ಚಾರ್ಜರ್. ಇಂಗ್ಲಿಷ್ ಏನೋ ಸರಿಯಾಗೇ ಇದೆ. ಏಳು, ಹೋಗಿ ಚೀಲ ಇಸ್ಕೊ, ಸುಸ್ತಾಯ್ತಾ ಅಜ್ಜಿ ಅಂತ ಕೇಳು. ಚಾರ್ಜರ್ ಆಮೇಲೆ.