ನೂರಹನ್ನೆರಡನೇ ಪುಟ

…ಅಲ್ಲ ಪುಟ್ಟೀ, ನಲವತ್ತೆರಡಲ್ಲ, ನಲವತ್ತೊಂದು. ಹೊಡೆದು ಸರಿಮಾಡು. ನಲವತ್ತೆರಡನೆಯದು ಅರ್ಧಕ್ಕೆ ನಿಂತಿದೆ, ಅದನ್ನೂ ಸೇರಿಸಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಅಭಿನಂದನ ಗ್ರಂಥ ಅಂದ್ರೆ ಏನಂದ್ಕೊಂಡೆ? ಅದರಲ್ಲಿ ತಪ್ಪು ಅಚ್ಚಾದ್ರೆ ನಾನು ಹೋದ ಮೇಲೂ ಅದು ಹಾಗೇ ಕೂತಿರುತ್ತೆ. ಹೂಂ, ಬರ್ಕೋ. 'ಇದುವರೆಗೆ ನಲವತ್ತೊಂದು ಪ್ರೇಮ ಕಾದಂಬರಿಗಳು…'

ಯಾಕೆ ನಗ್ತಿದೀಯ? ನನ್ನ ಬಾಯಲ್ಲಿ ಪ್ರೇಮ ಅನ್ನೋ ಮಾತು ಕೇಳಿದ್ರೆ ನಗು ಬರುತ್ತಾ? ನಗು, ನಗು. ನಿಮ್ಮ ಭಾವನೂ ಹೀಗೇ ನಗ್ತಿದ್ರು. 'ಊರಿಗೆಲ್ಲ ಪ್ರೀತಿ ಹಂಚೋಳು ಇವಳು, ನನಗೊಂದು ಲೋಟ ಕಾಫಿ ಬೇಕಾದ್ರೆ ನಾದಿನಿಯನ್ನ ಕೂಗಬೇಕು' ಅಂತ. ಅದನ್ನ ಬರೀಬೇಡ ಮಹರಾಯ್ತಿ!

ಎಲ್ಲಿದ್ವಿ? ಹಾಂ, ಓದು. 'ಬಿ.ಎ., ಮೊದಲ ದರ್ಜೆ'. ಮೊದಲ ದರ್ಜೆ ಅನ್ನೋದು ಬಿಡಬೇಡ. ಆ ಕಾಲಕ್ಕೆ ನಮ್ಮ ತರಗತಿಯಲ್ಲಿ ಹುಡುಗೀರು ನಾವು ಮೂರೇ ಜನ. ಆಮೇಲೆ ನನ್ನ ದಾಖಲೆ ಪುಸ್ತಕದ ವಿಷಯ. ಪ್ರತಿ ಕಾದಂಬರಿಗೂ ಶುರು ಮಾಡಿದ ದಿನ, ಮುಗಿಸಿದ ದಿನ, ಹಸ್ತಪ್ರತಿಯ ಪುಟ, ಬಂದ ಓದುಗರ ಪತ್ರ, ಉತ್ತರ ಬರೆದ ದಿನ. ಒಂದೂ ಖಾಲಿ ಬಿಟ್ಟಿಲ್ಲ. ಇನ್ನೊಬ್ಬ ಲೇಖಕರ ಮನೆಯಲ್ಲಿ ತೋರಿಸಲಿ ನೋಡೋಣ! ಕಾದಂಬರಿ ಅಚ್ಚಾದ ಮೇಲೆ ಪ್ರೂಫೆಲ್ಲ ನನಗೆ ವಾಪಸ್ ಬರಬೇಕು ಅಂತ ಪ್ರೆಸ್ಸಿಗೆ ಷರತ್ತು ಹಾಕಿದೋಳು ನಾನೊಬ್ಬಳೇ. ಕಬ್ಬಿಣದ ಬೀರುವಿನಲ್ಲಿ ನಂಬರಿನ ಪ್ರಕಾರ ಜೋಡಿಸಿದೆ, ಒಂದು ಹಾಳೆ ಹೆಚ್ಚು ಕಡಿಮೆ ಇಲ್ಲ. ನೀನೇ ನೋಡಿದೆಯಲ್ಲ ಬೆಳಿಗ್ಗೆ, ಹದಿನೇಳನೆಯದರ ಪುಟ ಎಣಿಸಿಕೊಂಡು ಬಾ ಅಂತ ಕಳಿಸಿದ್ದೆ. ಸರಿಯಾಗಿತ್ತು ತಾನೇ?

…ಸರಿಯಾಗಿತ್ತಾ ಅಂತ ಕೇಳಿದೆ. ತಲೆ ಆಡಿಸಿದ್ರೆ ಸಾಕು, ಬಿಡು.

ಈಗ ನಿನ್ನ ವಿಷಯ. ಹೂಂ ಕಣೇ, ನಿನ್ನದೂ ಬರಬೇಕು, ನಾನೇನು ಮರೆಯೋಳಾ? ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ನಿನ್ನದು ಮುತ್ತು ಪೋಣಿಸಿದ ಹಾಗೆ. ಬರಿ: 'ಎಲ್ಲ ಕಾದಂಬರಿಗಳ ಶುದ್ಧಪ್ರತಿ ಮಾಡಿದವಳು ನನ್ನ ತಂಗಿ.' ಯಾಕೆ ನಿಲ್ಲಿಸಿದೆ? ಕಡಿಮೆಯಾಯ್ತಾ? ಸರಿ, ಇನ್ನೊಂದು ಸಾಲು ಸೇರಿಸು. 'ನನ್ನ ಇಬ್ಬರು ಮಕ್ಕಳನ್ನೂ ಅವಳೇ ಎತ್ತಿ ಆಡಿಸಿದಳು.' ನಿಜ ತಾನೇ? ಜ್ವರ ಬಂದ್ರೆ ಅವಕ್ಕೆ ಅಮ್ಮ ಬೇಡ, ಚಿಕ್ಕಮ್ಮನೇ ಬೇಕು. ನಾನು ಬಾಗಿಲು ಹಾಕ್ಕೊಂಡು ಒಳಗೆ ಯಾರೋ ಯಾರನ್ನೋ ಪ್ರೀತಿಸೋದು ಬರೀತಾ ಕೂತಿರ್ತಿದ್ದೆ.

ಪ್ರೂಫಿನದೂ ಒಂದು ಮಾತು ಹಾಕೋಣ, ಈಗಿನವರಿಗೆ ಗೊತ್ತಿರಲ್ಲ. ಮೊದಲು ನೀನು ನೋಡ್ತಿದ್ದೆ, ಆಮೇಲೆ ನಾನು. ಬೇಡದ ಮಾತನ್ನ ನೀನು ಹೊಡೀತಿದ್ದೆ, ಕೈಯಲ್ಲೇ ಗೀಟೆಳೆದು, ಅಲೆ ಅಲೆಯಾಗಿ. ನಾನು ಹೊಡೆದ್ರೆ ಸ್ಕೇಲಿಟ್ಟೇ. ಹೊಡೆದದ್ದು ತಪ್ಪು, ಹಾಗೇ ಇರಲಿ ಅಂತ ಅನ್ನಿಸಿದ್ರೆ ಆ ಮಾತಿನ ಕೆಳಗೆ ಸಾಲಾಗಿ ಚುಕ್ಕಿ ಹಾಕೋದು. ಅದನ್ನ ನಿನಗೆ ಕಲಿಸಿದ್ದು… ಯಾರು ಅವರು, ಪ್ರೆಸ್ಸಿನಲ್ಲಿ ಪ್ರೂಫ್ ನೋಡ್ತಿದ್ದ ಕೆಂಪಿಂಕು. ಮಕ್ಕಳು ಇಟ್ಟ ಹೆಸರು ಅದು! ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆದು ಕಳಿಸ್ತಿದ್ದರು. 'ಇಲ್ಲಿ ನಾಯಕಿ ಅಳಬೇಕೇ?' ನೀನು ಕೆಳಗೆ ನೀಲಿಯಲ್ಲಿ, 'ಅತ್ತು ಮುಗಿದಿದೆ, ಹಿಂದಿನ ಪುಟ ನೋಡಿ.' ಮುಂದಿನ ಸಲ ಅವರು, 'ನೋಡಿದೆ. ನನಗೂ ಅಳು ಬಂತು.' ನಾನು ಓದ್ತಿರಲಿಲ್ಲ ಅಂದ್ಕೊಂಡೆಯಾ? ಎಲ್ಲ ಓದ್ತಿದ್ದೆ. ನನ್ನ ಕಾದಂಬರಿಗಿಂತ ಅದೇ ಚೆನ್ನಾಗಿರ್ತಿತ್ತು.

ಇದನ್ನ ಬರೀಬೇಡ.

ಯಾಕೆ ಹಾಗೆ ನೋಡ್ತೀಯ? ಹಳೇ ಮಾತು ಕಣೇ. ಮೂವತ್ತೈದು ವರ್ಷ ಆಯ್ತು. ಆಗ ನಿನಗೆ ಇಪ್ಪತ್ತೊಂಬತ್ತು. ಅವರು ಹೇಳದೆ ಕೇಳದೆ ಹೊರಟು ಹೋದ್ರು, ಅದಕ್ಕೆ ನಾವೇನು ಮಾಡೋಕಾಗ್ತಿತ್ತು? ಮುಂದಿನ ಕಾದಂಬರಿ ಪ್ರೂಫು ಬಂದಾಗ ಅಂಚಿನಲ್ಲಿ ಯಾರದೋ ಕಪ್ಪು ಶಾಯಿ. ನೀನು ಆ ಕಟ್ಟನ್ನ ಮೂರು ಸಲ ಹಿಂದಿನಿಂದ ಮುಂದಕ್ಕೆ ತಿರುವಿದೆ. ಊಟಕ್ಕೆ ಕೂತೋಳು ತಟ್ಟೆ ಮುಂದೆಯೇ… ನಾನೇ ಸಮಾಧಾನ ಮಾಡಲಿಲ್ವಾ? 'ಗಂಡಸರು ಇಷ್ಟೇ ಪುಟ್ಟೀ, ನಲವತ್ತು ಜನರನ್ನ ನಾನು ಸೃಷ್ಟಿ ಮಾಡಬಹುದು, ನಿಜವಾಗಿ ಒಬ್ಬನೂ ಸಿಗಲ್ಲ' ಅಂದಿದ್ದೆ. ಒಂದು ಮಾತು ಹೇಳದೆ ಹದಿನೆಂಟನೇ ತಾರೀಖು ಬೆಳಗಿನ ರೈಲು ಹತ್ತಿದೋರನ್ನ ನೆನೆದು ಏನು…

ಏನು? ತಾರೀಖಾ? ಯಾರೋ ಹೇಳಿದ್ರು. ಪ್ರೆಸ್ಸಿನ ಮ್ಯಾನೇಜರು ಇರಬೇಕು. ನನಗೆ ತಾರೀಖು ನೆನಪಿರುತ್ತೆ, ನಿನಗೆ ಗೊತ್ತಲ್ಲ. ಬರಿ, ಬರಿ, ಕತ್ತಲಾಗೋದರೊಳಗೆ ಮುಗಿಸೋಣ. 'ನನ್ನ ನಾಯಕಿಯರು ಯಾರೂ ಹಿಂದೆ ಉಳಿದವರಲ್ಲ. ಕರೆದವನ ಜೊತೆ ಹೊರಟೇ ಹೊರಟರು…'

ಬರೀತಿಲ್ಲ ನೀನು.

ಪುಟ್ಟೀ… ಪ್ಯಾಡಿನ ಕೆಳಗೆ ಏನದು, ಹಳದಿ ಕಾಗದ? ಬೀರುವಿನಿಂದ ಹಾಳೆ ಬಿಡಿಸಿ ತಂದ್ಯಾ? ಎಷ್ಟು ಸಲ ಹೇಳಿದೀನಿ, ಜೋಡಿಸಿದ್ದನ್ನ ಬಿಡಿಸಬಾರದು ಅಂತ! ಯಾವ ಪುಟ ಅದು? ಕೊಡು ಇಲ್ಲಿ. …ಯಾವ ಪುಟ?

ಅಯ್ಯೋ.

ಬೆಳಿಗ್ಗೆಯಿಂದ ಅದನ್ನ ತೊಡೆ ಮೇಲಿಟ್ಟುಕೊಂಡು ನಾನು ಹೇಳಿದ್ದೆಲ್ಲ ಬರ್ಕೊಂಡೆಯಾ? ಮೊದಲ ದರ್ಜೆ, ಮೂರು ಜನ ಹುಡುಗೀರು, ಒಂದು ಹಾಳೆ ಹೆಚ್ಚು ಕಡಿಮೆ ಇಲ್ಲ… ಎಲ್ಲ ಬರ್ಕೊಂಡೆಯಾ?

ನಾನೇ ಕಳಿಸಿದ್ದು ನಿನ್ನನ್ನ. ಅಚ್ಚಾಗಿ ಪ್ರೂಫು ವಾಪಸ್ ಬಂದಾಗಲೇ ಹರಿದು ಹಾಕಬಹುದಿತ್ತು ಕಣೇ. ಒಂದು ಕಡ್ಡಿ ಗೀರಿದ್ರೆ ಸಾಕಿತ್ತು. ಆದ್ರೆ ನೂರಹನ್ನೊಂದಾದ ಮೇಲೆ ನೂರಹದಿಮೂರು ಬಂದ್ರೆ… ನನ್ನಿಂದ ಆಗಲಿಲ್ಲ. ಸುಡೋಕಾಗಲಿಲ್ಲ. ಜಾಗಕ್ಕೆ ಸರಿಯಾಗಿ ಸೇರಿಸಿಟ್ಟೆ. ಆಮೇಲೆ ಎಲ್ಲಿಟ್ಟೆ ಅನ್ನೋದನ್ನೇ ಮರೆತೆ. ಮರೆತೆ ಅಂದ್ಕೊಂಡೆ.

ನೀನು ಆಸ್ಪತ್ರೆಯಲ್ಲಿದ್ದೆ, ನನ್ನ ಮಗೂನ ಇಟ್ಕೊಂಡು. ನನ್ನ ಮಗು! ಹನ್ನೆರಡು ದಿನ. ಪ್ರೂಫಿನ ಕಟ್ಟನ್ನ ನಾನೇ ಬಿಚ್ಚಿದೆ. 'ಹದಿನೆಂಟಕ್ಕೆ ಈ ಊರು ಬಿಡುತ್ತೇನೆ, ಬೆಳಗಿನ ರೈಲಿಗೆ. ಜೊತೆಗೆ ಬರುವುದಾದರೆ ಈ ಸಾಲು ಹೀಗೇ ಇರಲಿ. ಇಲ್ಲವಾದರೆ ಹೊಡೆದುಬಿಡಿ.' ಅಷ್ಟೇ ಇತ್ತು, ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ. ಓದಿ ತುಂಬ ಹೊತ್ತು ಕೂತೆ. ದೊಡ್ಡವಳಿಗೆ ಜಡೆ ಹಾಕೋರು ಯಾರು, ಚಿಕ್ಕವನು ಯಾರ ಪಕ್ಕ ಮಲಗ್ತಾನೆ, ಶುದ್ಧಪ್ರತಿ ಯಾರು ಮಾಡ್ತಾರೆ… ಇದೇ ಬಂತು ತಲೆಗೆ. ನೀನು ಬರಲೇ ಇಲ್ಲ ಪುಟ್ಟೀ ನನ್ನ ತಲೆಗೆ. ನಿನ್ನ ಪೆನ್ನು ಮೇಜಿನ ಮೇಲೇ ಇತ್ತು, ನೀಲಿ.

ಸ್ಕೇಲಿಟ್ಟು ಹೊಡೆದೆ, ಕಟ್ಟನ್ನ ಪ್ರೆಸ್ಸಿಗೆ ಕಳಿಸಿದೆ. ನೋಡು, ಎಷ್ಟು ನೇರವಾಗಿದೆ. ನೀನು ಯಾವತ್ತಾದರೂ ಸ್ಕೇಲಿಟ್ಟು ಹೊಡೆದಿದ್ದೆಯಾ? ಅವರಿಗಾದರೂ ತಿಳೀಬೇಕಿತ್ತು! ನಾಲ್ಕು ವರ್ಷ ನಿನ್ನ ಕೈಬರಹ ನೋಡಿದ ಮನುಷ್ಯ… ಇಲ್ಲ, ಇಲ್ಲ, ಅವರ ಮೇಲೆ ಹಾಕಲ್ಲ.

ಬೈಯಿ ನನ್ನ. ಎದ್ದು ಹೋಗು. ಏನಾದರೂ ಹೇಳೇ!

…ಪೆನ್ನು ತೊಗೊಂಡೆಯಾ? ಸರಿ, ಬರಿ. ಇದನ್ನೂ ಬರಿ, ಗ್ರಂಥಕ್ಕೇ ಹೋಗಲಿ, ಎಲ್ಲರೂ ಓದಲಿ. ಅಲ್ಲ… ಆ ಹಾಳೆ ಮೇಲೆ ಯಾಕೆ? ಅದು ದಾಖಲೆ, ಅದರ ಮೇಲೆ ಗುರುತು ಮಾಡ… ಏನದು? ಚುಕ್ಕಿಯಾ?

ಒಂದು… ಎರಡು… ನಿಧಾನ. ಸಾಲಿನ ಕೊನೇವರೆಗೂ ಹಾಕ್ತೀಯಾ? ಹಾಕು. ಹೊಡೆದದ್ದು ತಪ್ಪೇ. ಹಾಗೇ ಇರಲಿ.

ಮುಗೀತಾ?

ಈಗ ಈ ಪ್ರೂಫನ್ನ ಯಾರಿಗೆ ಕಳಿಸ್ತೀಯ ಪುಟ್ಟೀ?